ಗೋವಿನಕೋವಿಯಿಂದ ತೋಳಹುಣಸೆಗೆ: ದೂರದಿಂದ ಫೈಲು ತೆರೆಯುವ ಸುರಕ್ಷಿತ ದಾರಿಗಳು

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿದ್ದುಕೊಂಡು ಪಿಎಚ್‌.ಡಿ. ಮಾಡುವವರಿಗೆ ಎರಡು ವಿಶ್ವವಿದ್ಯಾಲಯಗಳು ಹತ್ತಿರ. ಹೊನ್ನಾಳಿ ಹಾದು ಹೋದರೆ ದಾವಣಗೆರೆ ಊರಾಚೆಯ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ. ಶಿವಮೊಗ್ಗದ ಕಡೆ ಹೊರಟರೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ. ಹತ್ತಿರ ಅಂದರೂ ಬಸ್ಸು ಬದಲಿಸಿ ಹೋಗಿ ಬರುವುದರಲ್ಲಿ ದಿನ ಮುಗಿಯುತ್ತದೆ. ವಿಭಾಗದ ಕಂಪ್ಯೂಟರಿನಲ್ಲೇ ಉಳಿದುಹೋದ ಒಂದು ಅಧ್ಯಾಯ, ಮಾರ್ಗದರ್ಶಕರು ತಿದ್ದಿಟ್ಟ ಪ್ರತಿ, ಕ್ಯಾಂಪಸ್ಸಿನೊಳಗೆ ಮಾತ್ರ ತೆರೆದುಕೊಳ್ಳುವ ಒಂದು ಸಂಶೋಧನಾ ಲೇಖನ, ಇಷ್ಟಕ್ಕಾಗಿ ಆ ದಿನ ಕಳೆಯಬೇಕೆ? ಜಗಳೂರಿನ ಪದವಿ ಕಾಲೇಜಿನಲ್ಲಿ ಪಾಠ ಮಾಡುವವರೂ ಚನ್ನಗಿರಿಯಿಂದ ಎಂ.ಎ. ಓದಲು ಓಡಾಡುವವರೂ ಇದೇ ಪ್ರಶ್ನೆ ಕೇಳುತ್ತಾರೆ.

ಬೇಡ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ದೂರದಿಂದ ಫೈಲು ತೆರೆಯಲು ಅನುಕೂಲ ಬೇಕು, ಅದು ಸುರಕ್ಷಿತವಾಗಿರಬೇಕು. ತಕರಾರು ಇರುವುದು ಯಾವ ದಾರಿ ಎಂಬುದರಲ್ಲಿ. ಈ ಚರ್ಚೆ ಸಾಮಾನ್ಯವಾಗಿ ಯಾವ ತಂತ್ರಾಂಶ ಒಳ್ಳೆಯದು ಎಂಬ ಮಾತಿನಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಬೇರೆ ಇದೆ ಎಂದು ನನಗನಿಸುತ್ತದೆ: ಯಾರು, ಯಾವ ಫೈಲನ್ನು, ಯಾರ ಯಂತ್ರದಿಂದ ತೆರೆಯುತ್ತಾರೆ? ಇದಕ್ಕೆ ಉತ್ತರ ಸಿಗದ ಹೊರತು ಉಳಿದ ವಾದಗಳೆಲ್ಲ ಗಾಳಿಯಲ್ಲೇ ನಿಲ್ಲುತ್ತವೆ.

ಫೈಲು ಸಾಗಿ ಬಂದ ಹಾದಿ

ನಮ್ಮ ಭಾಗದಲ್ಲಿ ದಾಖಲೆಗಳು ದೂರವಾಗುವ ಕಷ್ಟ ಕಂಪ್ಯೂಟರಿಗಿಂತ ಹಳೆಯದು. ತೋಳಹುಣಸೆಯ ಕ್ಯಾಂಪಸ್ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಸೇರಿತು, 2009ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ನಡುವೆ 1997ರಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಹೊಸ ದಾವಣಗೆರೆ ಜಿಲ್ಲೆಗೆ ಬಂದವು. ನ್ಯಾಮತಿ ಇನ್ನೂ ಈಚೆಗೆ ಹೊನ್ನಾಳಿಯಿಂದ ಬೇರೆಯಾಯಿತು. ಒಂದೇ ತರಗತಿ ಕೋಣೆಯಲ್ಲಿ ಓದಿದ ಮೂರು ತಲೆಮಾರಿನವರು ಅಂಕಪಟ್ಟಿಗಾಗಿ ಮೂರು ಕಡೆ ಹೋಗಬೇಕಾಗಿ ಬರುತ್ತದೆ. ಆಡಳಿತದ ಗೆರೆ ಬದಲಾದಾಗ ಕಾಗದ ಇದ್ದಲ್ಲೇ ಉಳಿಯುತ್ತದೆ, ಓಡಾಡುವವರು ಜನ.

ಕಂಪ್ಯೂಟರ್ ಲೋಕದಲ್ಲಿ ಈ ಕಷ್ಟಕ್ಕೆ ಮೊದಲ ಪರಿಹಾರ ಬರೆದವರಲ್ಲಿ ಒಬ್ಬರು ಭಾರತೀಯರು. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್, 1971ರ ಏಪ್ರಿಲ್‌ನಲ್ಲಿ ಜಾಲದ ಮೇಲೆ ಫೈಲು ಸಾಗಿಸುವ ನಿಯಮಾವಳಿಯಾದ ಎಫ್‌ಟಿಪಿಯ ಮೊದಲ ಕರಡನ್ನು ಪ್ರಕಟಿಸಿದರು. ಅಂತರ್ಜಾಲದ ಪೂರ್ವರೂಪವಾದ ಆಗಿನ ಅರ್ಪಾನೆಟ್‌ನಲ್ಲಿ ಇದ್ದವರು ಪರಸ್ಪರ ಪರಿಚಿತರಾದ ಕೆಲವು ಸಂಸ್ಥೆಗಳವರು. ಹೀಗಾಗಿ ಪಾಸ್‌ವರ್ಡ್ ತಂತಿಯ ಮೇಲೆ ಬೆತ್ತಲೆಯಾಗಿಯೇ ಹೋಗುತ್ತಿತ್ತು. ಇಪ್ಪತ್ತು ವರ್ಷ ಕಳೆದು ಅಂತರ್ಜಾಲ ಎಲ್ಲರ ಕೈಗೆ ಬಂದಾಗ ಅದೇ ದೊಡ್ಡ ದೌರ್ಬಲ್ಯವಾಯಿತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡದ್ದು ಪತ್ತೆಯಾಯಿತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದಕ್ಕೆ ಉತ್ತರವಾಗಿ, ಸಂಪರ್ಕವನ್ನೆಲ್ಲ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಅದರ ಮೇಲೆ ನಿಂತು ಫೈಲು ಸಾಗಿಸುವ ಎಸ್‌ಎಫ್‌ಟಿಪಿ ಇವತ್ತಿಗೂ ಗಟ್ಟಿ.

ಇವೆರಡರ ನಡುವಿನ ಕಾಲದಲ್ಲಿ, 1980ರ ದಶಕದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡ್ರ್ಯೂ ಯೋಜನೆಯಲ್ಲಿ ಎಂ. ಸತ್ಯನಾರಾಯಣನ್ ಮತ್ತು ಸಂಗಡಿಗರು ಇಡೀ ಕ್ಯಾಂಪಸ್ಸಿಗೆ ಒಂದೇ ಫೈಲು ವ್ಯವಸ್ಥೆ ಕಟ್ಟಿದರು. ತೆರೆದ ಫೈಲಿನ ಪ್ರತಿ ವಿದ್ಯಾರ್ಥಿಯ ಯಂತ್ರಕ್ಕೆ ಇಳಿಯುತ್ತಿತ್ತು, ಮುಚ್ಚಿದಾಗ ಬದಲಾವಣೆ ಸರ್ವರಿಗೆ ಮರಳುತ್ತಿತ್ತು. ಈಗಿನ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಹಿರಿಯಣ್ಣ ಇದೇ. ಸರ್ವರನ್ನು ನಂಬಬೇಕು, ವಿದ್ಯಾರ್ಥಿಯ ಕೈಯಲ್ಲಿರುವ ಯಂತ್ರವನ್ನು ನಂಬಬಾರದು ಎಂಬ ತತ್ವವನ್ನು ಅವರು ಆಗಲೇ ಇಟ್ಟುಕೊಂಡಿದ್ದರು; ಈ ಲೇಖನದುದ್ದಕ್ಕೂ ಅದು ಬೇಕಾಗುತ್ತದೆ. ಆಮೇಲೆ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ವಿಂಡೋಸ್ ಕಡತಕೋಶಗಳನ್ನು ಯುನಿಕ್ಸ್ ಯಂತ್ರಗಳಿಗೆ ಬೆಸೆಯುವ ಸಾಂಬಾ ಬರೆದರು. ಫೈಲು ಹಂಚಿಕೊಳ್ಳುವ ಇಷ್ಟೆಲ್ಲ ವಿದ್ಯೆ ಹುಟ್ಟಿದ್ದು ವಿಶ್ವವಿದ್ಯಾಲಯಗಳ ಅಂಗಳದಲ್ಲೇ. ಈಗ ಅವು ಅದನ್ನು ಕಂಪನಿಗಳಿಂದ ಬಾಡಿಗೆಗೆ ತೆಗೆದುಕೊಳ್ಳುತ್ತಿವೆ. ಇದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ.

ಜಾಲದೊಳಕ್ಕೆ ಕರೆದುಕೊಳ್ಳುವ ಪಂಥ

ಯಾವ ದಾರಿ ಎಂಬ ತಕರಾರಿನಲ್ಲಿ ಮೊದಲ ಪಂಥ ವಿಪಿಎನ್‌ದು. ಮನೆಯಲ್ಲಿರುವ ಲ್ಯಾಪ್‌ಟಾಪಿನಿಂದ ಕ್ಯಾಂಪಸ್ಸಿನ ಜಾಲದವರೆಗೆ ಗೂಢಲಿಪಿಯ ಒಂದು ಸುರಂಗ ತೋಡಿದರೆ ಸಾಕು, ಯಂತ್ರ ಕ್ಯಾಂಪಸ್ಸಿನೊಳಗೇ ಇದ್ದಂತೆ ನಡೆದುಕೊಳ್ಳುತ್ತದೆ. ವಿಭಾಗದ ಕಡತಕೋಶ, ಗ್ರಂಥಾಲಯ, ಪ್ರಿಂಟರ್ ಎಲ್ಲ ಒಮ್ಮೆಲೇ ಸಿಗುತ್ತವೆ. 1990ರ ದಶಕದ ಪಿಪಿಟಿಪಿಯನ್ನು ಈಗ ಯಾರೂ ಬಳಸಬಾರದು, ಅದರ ಬೀಗ ಒಡೆದು ಬಹಳ ಕಾಲವಾಯಿತು. ಐಪಿಸೆಕ್ ಮತ್ತು 2001ರಲ್ಲಿ ಬಂದ ಓಪನ್‌ವಿಪಿಎನ್ ಬಳಕೆಯಲ್ಲಿವೆ. 2020ರಲ್ಲಿ ಲಿನಕ್ಸ್ ಕರ್ನಲ್ಲಿಗೇ ಸೇರಿದ ವೈರ್‌ಗಾರ್ಡ್ ಚಿಕ್ಕದು, ವೇಗದ್ದು. ಮೊಬೈಲ್ ಒಂದು ಟವರಿನಿಂದ ಇನ್ನೊಂದಕ್ಕೆ ಜಿಗಿದು ವಿಳಾಸ ಬದಲಾದರೂ ಅದರ ಸಂಪರ್ಕ ಕಡಿಯುವುದಿಲ್ಲ. ನೆಟ್‌ವರ್ಕ್ ಬಂದು ಹೋಗುವ ಊರುಗಳಿಗೆ ಇದು ದೊಡ್ಡ ಗುಣ.

ಆದರೆ ವಿಪಿಎನ್ ಕೊಡುವುದೆಂದರೆ ಒಂದು ಪುಸ್ತಕ ಕೇಳಿದವರ ಕೈಗೆ ಇಡೀ ಕಟ್ಟಡದ ಬೀಗದ ಕೈ ಕೊಟ್ಟ ಹಾಗೆ. ಒಳಬಂದ ಯಂತ್ರದಲ್ಲಿ ಏನಿದೆಯೋ ಅದೂ ಒಳಗೆ ಬರುತ್ತದೆ. ಒಳಗೆ ಬಂದದ್ದು ಎಷ್ಟು ದೂರ ಹರಡಬಹುದು ಎನ್ನುವುದಕ್ಕೆ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಅನುಭವ ನೋಡಬೇಕು. 2019ರ ಅಕ್ಟೋಬರಿನಲ್ಲಿ ಸಿಬ್ಬಂದಿ ತೆರೆದ ಒಂದು ಮೋಸದ ಇಮೇಲಿನಿಂದ ಒಳಹೊಕ್ಕವರು ಎರಡು ತಿಂಗಳು ಸದ್ದಿಲ್ಲದೆ ಜಾಲದಲ್ಲಿ ಓಡಾಡಿ, ಡಿಸೆಂಬರ್ 23ರಂದು 267 ಸರ್ವರುಗಳಿಗೆ ಬೀಗ ಹಾಕಿದರು. ಬ್ಯಾಕಪ್‌ಗಳಲ್ಲಿ ಕೆಲವು ಅದೇ ಜಾಲದಲ್ಲಿದ್ದುದರಿಂದ ಅವೂ ಹೋದವು. ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಯೂರೋ ತೆತ್ತಿತು. ಆ ಮೇಲೆ ತನಿಖೆಯ ವಿವರವನ್ನೆಲ್ಲ ಸಾರ್ವಜನಿಕರ ಮುಂದಿಟ್ಟಿತು. ಅದು ದೊಡ್ಡ ಮನಸ್ಸಿನ ಕೆಲಸ; ಇಂಥ ಅನಾಹುತವನ್ನು ಮುಚ್ಚಿಡುವ ಸಂಸ್ಥೆಗಳೇ ಹೆಚ್ಚು.

ವಿಪಿಎನ್ ಪೆಟ್ಟಿಗೆಯೇ ಸೋರಿದರೆ? 2024ರ ಆರಂಭದಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳಲ್ಲಿ ದೋಷ ಸಿಕ್ಕಾಗ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ತನ್ನ ಸರ್ಕಾರಿ ಕಚೇರಿಗಳಿಗೆ ಅವನ್ನು ಜಾಲದಿಂದಲೇ ಕಳಚಿಡಲು ಹೇಳಿತು. ಇನ್ನೊಂದು ತೊಡಕು ವೇಗದ್ದು. ವಿಂಡೋಸ್ ಕಡತಕೋಶ ತೆರೆಯುವಾಗ ಯಂತ್ರ ಮತ್ತು ಸರ್ವರ್ ನಡುವೆ ಹತ್ತಾರು ಸಣ್ಣ ಪ್ರಶ್ನೋತ್ತರಗಳು ನಡೆಯುತ್ತವೆ. ಕ್ಯಾಂಪಸ್ಸಿನಲ್ಲಿ ಒಂದು ಪ್ರಶ್ನೋತ್ತರಕ್ಕೆ ಒಂದು ಮಿಲಿಸೆಕೆಂಡು ಸಾಕು. ಹಳ್ಳಿಯ 4ಜಿಯಲ್ಲಿ ನೂರು ಮಿಲಿಸೆಕೆಂಡು ಹಿಡಿದರೆ, ಐವತ್ತು ಪ್ರಶ್ನೋತ್ತರಕ್ಕೆ ಐದು ಸೆಕೆಂಡು ಬರಿದೇ ಕಾಯಬೇಕು. ಪ್ಯಾಕ್ ಎಷ್ಟೇ ವೇಗದ್ದಾದರೂ ಈ ಕಾಯುವಿಕೆ ತಪ್ಪುವುದಿಲ್ಲ.

ಭಾರತದಲ್ಲಿ ವಿಪಿಎನ್ ಅಂದರೆ ಕಾನೂನುಬಾಹಿರ ಎಂಬ ಹೆದರಿಕೆ ಕೆಲವು ಕಚೇರಿಗಳಲ್ಲಿದೆ. 2022ರ ಏಪ್ರಿಲ್ 28ರಂದು ಬಂದ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನ ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿದ್ದು ಸಾರ್ವಜನಿಕರಿಗೆ ವಿಪಿಎನ್ ಮಾರುವ ಕಂಪನಿಗಳಿಗೆ. ಸಂಸ್ಥೆಗಳು ತಮ್ಮವರಿಗಾಗಿ ನಡೆಸುವ ವಿಪಿಎನ್‌ಗೆ ಅದು ಅನ್ವಯಿಸದೆಂದು ಆಮೇಲೆ ಸ್ಪಷ್ಟಪಡಿಸಲಾಯಿತು. ಆದರೆ ದಾಳಿಯಾದರೆ ಆರು ಗಂಟೆಯೊಳಗೆ ವರದಿ ಮಾಡುವುದು, 180 ದಿನದ ಲಾಗ್ ಇಟ್ಟುಕೊಳ್ಳುವುದು ಸಂಸ್ಥೆಗಳಿಗೂ ತಪ್ಪಿದ್ದಲ್ಲ.

ಫೈಲಿಗೆ ಮಾತ್ರ ದಾರಿ

ಎರಡನೆಯ ಪಂಥದವರು ಜಾಲವನ್ನೇ ಕೊಡುವುದು ಬೇಡ, ಫೈಲನ್ನು ಮಾತ್ರ ಕೊಡೋಣ ಎನ್ನುತ್ತಾರೆ. ವಿಜ್ಞಾನ ವಿಭಾಗಗಳಲ್ಲಿ ಈ ಕೆಲಸ ಎಸ್‌ಎಫ್‌ಟಿಪಿಯದು. ಪಾಸ್‌ವರ್ಡ್ ಬದಲು ಕೀಲಿ ಜೋಡಿ ಬಳಸಿದರೆ ಪಾಸ್‌ವರ್ಡ್ ಊಹಿಸುವ ದಾಳಿಗಳು ನಿಷ್ಫಲವಾಗುತ್ತವೆ. ಅರ್ಧಕ್ಕೆ ನಿಂತ ಫೈಲನ್ನು ನಿಂತಲ್ಲಿಂದಲೇ ಮುಂದುವರಿಸಬಹುದು, ಕರೆಂಟು ಹೋಗುವ ಊರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕೊರತೆಯೆಂದರೆ ಕೀಲಿ ತಯಾರಿಸಿ ಕಾಪಾಡುವುದನ್ನು ಕನ್ನಡ ವಿಭಾಗಕ್ಕೋ ಸಮಾಜಶಾಸ್ತ್ರ ವಿಭಾಗಕ್ಕೋ ಯಾರೂ ಕೂತು ಕಲಿಸಿಲ್ಲ.

ಬ್ರೌಸರಿನಲ್ಲೇ ಎಲ್ಲ ನಡೆಯಲಿ ಎನ್ನುವುದು ಇದೇ ಪಂಥದ ಇನ್ನೊಂದು ಕವಲು. ನಮ್ಮ ಪದವಿ ಕಾಲೇಜುಗಳಲ್ಲಿ ಪ್ರವೇಶ, ಪರೀಕ್ಷೆ, ಅಂಕಗಳ ಕೆಲಸ ನಡೆಯುವ ಯುಯುಸಿಎಂಎಸ್ ಹಾಗೆ ಕೆಲಸ ಮಾಡುತ್ತದೆ. ಅಂಕಗಳ ಪಟ್ಟಿ ಸರ್ವರಿನಲ್ಲೇ ಇರುತ್ತದೆ, ಅಧ್ಯಾಪಕರು ತಮಗೆ ಸಂಬಂಧಿಸಿದ ಪುಟವನ್ನಷ್ಟೇ ನೋಡುತ್ತಾರೆ. ಅಂಕಗಳಂಥ ಸೂಕ್ಷ್ಮ ದಾಖಲೆಗೆ ಇದೇ ಸರಿ. ಅದನ್ನು ಎಕ್ಸೆಲ್ಲಿಗೆ ಇಳಿಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಕ್ಷಣ ಅಷ್ಟೂ ಭದ್ರತೆ ವ್ಯರ್ಥ.

ಕ್ಲೌಡ್ ಮತ್ತು ಸ್ವಂತ ಸರ್ವರ್

2006ರಲ್ಲಿ ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಉಚಿತ ಸೇವೆ ತೆರೆಯಿತು. 2020ರ ಮಾರ್ಚಿನ ಲಾಕ್‌ಡೌನಿನ ನಂತರ ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳೇ ಹೆಚ್ಚಿನವರಿಗೆ ವಿಶ್ವವಿದ್ಯಾಲಯದ ಕಪಾಟಾದವು. ಈ ಪಂಥದ ವಾದವನ್ನು ತಳ್ಳಿಹಾಕಲಾಗದು. ಇಷ್ಟು ದೊಡ್ಡ ಕಂಪನಿಯ ಭದ್ರತಾ ತಂಡದಷ್ಟು ಜನ ಯಾವ ರಾಜ್ಯ ವಿಶ್ವವಿದ್ಯಾಲಯದಲ್ಲೂ ಇಲ್ಲ; ಮೊಬೈಲಿನಲ್ಲೂ ನಡೆಯುತ್ತದೆ; ಹಳೆಯ ಆವೃತ್ತಿಗೆ ಮರಳಬಹುದಾದ್ದರಿಂದ ವೈರಸ್ ಕೆಡಿಸಿದ ಫೈಲನ್ನೂ ಹಿಂದಕ್ಕೆ ತರಬಹುದು. ಸೋರಿಕೆ ಇರುವುದು ಬೇರೆ ಕಡೆ: ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂಬ ಆಯ್ಕೆಯಲ್ಲಿ. ಒಮ್ಮೆ ಹಾಗೆ ಹಂಚಿದ ವಿದ್ಯಾರ್ಥಿವೇತನದ ಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಕಟ್ಟು, ಯಾರ ಯಾರ ಕೈ ದಾಟುತ್ತದೋ ಬಲ್ಲವರಿಲ್ಲ.

ಹಂಗಿನ ಮಾತೂ ಇದೆ. ಮಿತಿಯಿಲ್ಲದ ಜಾಗ ಎಂದು ನಂಬಿಸಿದ್ದ ಗೂಗಲ್, 2021ರಲ್ಲಿ ಅದನ್ನು ನಿಲ್ಲಿಸುವುದಾಗಿ ಹೇಳಿ, 2022ರ ಜುಲೈಯಿಂದ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಎಂದು ಗೆರೆ ಎಳೆಯಿತು. ಎಷ್ಟೋ ಕಡೆ ವಿಶ್ವವಿದ್ಯಾಲಯಗಳು ಜಾಗ ಖಾಲಿ ಮಾಡಲು ಓಡಾಡಬೇಕಾಯಿತು.

ಅದಕ್ಕೇ ಮತ್ತೊಂದು ಬಣ ಸ್ವಂತ ಸರ್ವರ್ ಇಟ್ಟುಕೊಳ್ಳೋಣ ಎನ್ನುತ್ತದೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ನೆಕ್ಸ್ಟ್‌ಕ್ಲೌಡ್ ಮುಕ್ತ ತಂತ್ರಾಂಶ, ಯುರೋಪಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದೆ; ಡ್ರೈವ್ ಮಾಡುವ ಬಹುಪಾಲು ಕೆಲಸವನ್ನು ಅದೂ ಮಾಡುತ್ತದೆ. 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನ ಜಾಲ ವಿಶ್ವವಿದ್ಯಾಲಯಗಳಿಗೆ ವೇಗದ ಸಂಪರ್ಕ ಒದಗಿಸಲೆಂದೇ ಇರುವುದು. ಯಂತ್ರವೂ ತಂತ್ರಾಂಶವೂ ಸಿಕ್ಕಾವು, ದಿನಾ ಅದನ್ನು ನೋಡಿಕೊಳ್ಳುವ ಕಾಯಂ ಹುದ್ದೆ ಸಿಗುವುದಿಲ್ಲ. ತಜ್ಞರಿದ್ದಲ್ಲೂ ಎಡವಟ್ಟಾಗುತ್ತದೆ: 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ, ಬ್ಯಾಕಪ್ ಕೆಲಸದ ಒಂದು ತಪ್ಪು ಸ್ಕ್ರಿಪ್ಟಿನಿಂದ ಸುಮಾರು 77 ಟೆರಾಬೈಟಿನಷ್ಟು ಸಂಶೋಧನಾ ಫೈಲುಗಳು ಅಳಿಸಿಹೋದವು. ಯಾರೂ ದಾಳಿ ಮಾಡಿರಲಿಲ್ಲ. ಇನ್ನೊಂದು ಕಡೆ ಇನ್ನೊಂದು ಪ್ರತಿ ಇಲ್ಲದಿದ್ದರೆ ಯಾವ ಪಂಥವೂ ಕಾಪಾಡದು.

ಗ್ರಂಥಾಲಯದವರು ಮೊದಲೇ ಬಿಡಿಸಿದ ಗಂಟು

ಈ ಚರ್ಚೆಯಲ್ಲಿ ಗ್ರಂಥಪಾಲಕರ ಹೆಸರು ಹೇಳುವವರು ಕಡಿಮೆ. ಆದರೆ ದೂರದ ಓದುಗರ ಕಷ್ಟವನ್ನು ಅವರಷ್ಟು ಬೇಗ ಕೈಗೆತ್ತಿಕೊಂಡವರಿಲ್ಲ. ಪ್ರಕಾಶಕರು ಕ್ಯಾಂಪಸ್ಸಿನ ಐಪಿ ವಿಳಾಸ ನೋಡಿ ಲೇಖನ ತೆರೆಯುತ್ತಿದ್ದರು, ಮನೆಗೆ ಹೋದರೆ ಬಾಗಿಲು ಮುಚ್ಚುತ್ತಿತ್ತು. 1999ರಲ್ಲಿ ಅಮೆರಿಕದ ಅರಿಜೋನಾದ ಒಂದು ಸಮುದಾಯ ಕಾಲೇಜಿನ ಗ್ರಂಥಪಾಲಕ ಕ್ರಿಸ್ ಜಾಗರ್ ಇದಕ್ಕಾಗಿ ಈಜಿಪ್ರಾಕ್ಸಿ ಬರೆದರು. ಓದುಗ ಗ್ರಂಥಾಲಯದ ಪುಟದಲ್ಲಿ ಲಾಗಿನ್ ಆದರೆ ಅವರ ಪರವಾಗಿ ಗ್ರಂಥಾಲಯದ ಸರ್ವರೇ ಲೇಖನ ತರುತ್ತದೆ.

ಮುಂದಿನ ಹೆಜ್ಜೆ ಇನ್ನೂ ಚೆನ್ನಾದದ್ದು. ನೀವು ಎಲ್ಲಿದ್ದೀರಿ ಎಂದು ಕೇಳದೆ, ನೀವು ಯಾರು ಎಂದು ಮಾತ್ರ ಕೇಳುವ ಶಿಬೊಲೆತ್ ಬಂತು. ವಿದ್ಯಾರ್ಥಿಯ ಪಾಸ್‌ವರ್ಡ್ ಅವರ ವಿಶ್ವವಿದ್ಯಾಲಯವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಇವರು ನಮ್ಮವರೇ ಎಂಬ ಖಾತರಿಯಷ್ಟೇ ಪ್ರಕಾಶಕರಿಗೆ ತಲುಪುತ್ತದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಒಕ್ಕೂಟ ಇದೇ ತತ್ವದ್ದು. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯನ್ನೂ ಇನ್‌ಫ್ಲಿಬ್‌ನೆಟ್ಟೇ ನಿರ್ವಹಿಸುತ್ತಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರಲ್ಲಿವೆ. ಮನೆಯಿಂದ ಲಾಗಿನ್ ಆಗುವ ವ್ಯವಸ್ಥೆಯನ್ನು ಕಾಲೇಜು ಮಾಡಿಕೊಡದಿದ್ದರೆ, ಅಷ್ಟು ಹಣದ ಫಲ ಹಳ್ಳಿಯ ಓದುಗರಿಗೆ ಮುಟ್ಟುವುದಿಲ್ಲ.

ಕಂಪನಿಗಳು ಈಗ ಜೀರೋ ಟ್ರಸ್ಟ್ ಎಂಬ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ಇದೇ ವಿಚಾರ. 2010ರಲ್ಲಿ ಜಾನ್ ಕಿಂಡರ್‌ವಾಗ್ ಆ ಹೆಸರನ್ನು ಬಳಕೆಗೆ ತಂದರು. ಒಳಗಿದ್ದವರೆಂದು ಯಾರನ್ನೂ ನಂಬದೆ, ಪ್ರತಿ ಸಲ ವ್ಯಕ್ತಿಯನ್ನೂ ಯಂತ್ರವನ್ನೂ ಪರೀಕ್ಷಿಸಿ ಒಂದೊಂದು ಸೇವೆಗೆ ಮಾತ್ರ ಒಳಬಿಡುವುದು ಅದರ ಸಾರ.

ನಮ್ಮ ತಾಲ್ಲೂಕುಗಳ ನಿಜಸ್ಥಿತಿ

ಈ ಪಂಥಗಳೆಲ್ಲ ಬಳಕೆದಾರರ ಕೈಯಲ್ಲಿ ಅವರದೇ ಲ್ಯಾಪ್‌ಟಾಪ್ ಇದೆ ಎಂದು ಇಟ್ಟುಕೊಂಡು ಮಾತಾಡುತ್ತವೆ. ಹೊನ್ನಾಳಿ, ಜಗಳೂರಿನ ಪದವಿ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನರಿಗೆ ಇರುವುದು ಒಂದು ಮೊಬೈಲ್. ದೊಡ್ಡ ಪರದೆ ಬೇಕಾದರೆ ಸೈಬರ್ ಸೆಂಟರಿಗೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಹೋಗಬೇಕು. ಪ್ರಿಂಟ್ ತೆಗೆಸುವುದು ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾಗುವ ವೈರಸ್ ಅಂಟುತ್ತದೆ. ಪೆನ್‌ಡ್ರೈವ್ ಇಲ್ಲದವರು ಅಂಗಡಿಯ ಕಂಪ್ಯೂಟರಿನಲ್ಲೇ ಜಿಮೇಲ್ ತೆರೆದು, ಲಾಗೌಟ್ ಮಾಡದೆ ಬಸ್ಸಿಗೆ ಓಡುತ್ತಾರೆ. ಇಂಥ ಕಡೆಗೆ ವಿಪಿಎನ್ ತಕ್ಕದ್ದಲ್ಲ. ಕೆಲವು ಗಂಟೆಯಲ್ಲಿ ತಾನೇ ಮುಗಿಯುವ, ಒಂದೇ ಫೈಲಿಗೆ ಸೀಮಿತವಾದ ಲಿಂಕ್ ಇಲ್ಲಿ ಅದಕ್ಕಿಂತ ಸುರಕ್ಷಿತ.

ಕನ್ನಡದ್ದೇ ಒಂದು ತೊಡಕಿದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪ್ರಬಂಧ ವಿಭಾಗದ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ. ಅದನ್ನೇ ಡ್ರೈವ್ ಮೂಲಕ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲು ಸುರಕ್ಷಿತವಾಗಿ ಬಂದರೂ ಓದಲಾಗುವುದಿಲ್ಲ. ಯುನಿಕೋಡಿಗೆ ಬದಲಿಸುವ ಕೆಲಸವನ್ನು ದೂರದಿಂದ ಫೈಲು ತೆರೆಯುವ ಯೋಜನೆಯೊಳಗೇ ಸೇರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಯುಜಿಸಿಯ 2009ರ ನಿಯಮದಿಂದಾಗಿ ಮುಗಿದ ಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರಿ ಎಲ್ಲರಿಗೂ ಸಿಗುತ್ತದೆ. ಅದನ್ನು ಬರೆದ ನಾಲ್ಕೈದು ವರ್ಷಗಳ ಕರಡು, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಜನಪದ ಹಾಡಿನ ಟಿಪ್ಪಣಿಗಳು ಮಾತ್ರ ಒಂದು ಪೆನ್‌ಡ್ರೈವಿನ ಆಯಸ್ಸಿಗೆ ಕಟ್ಟುಬಿದ್ದಿರುತ್ತವೆ.

ಹಾಗಾದರೆ ಏನು ಮಾಡಬೇಕು? ವಿದ್ಯಾರ್ಥಿಗಳಿಗೆ ವಿಪಿಎನ್ ಬೇಡ. ವಿಶ್ವವಿದ್ಯಾಲಯದ ಹೆಸರಿನ ಒಂದು ಖಾತೆ, ಎರಡು ಹಂತದ ಲಾಗಿನ್, ಬ್ರೌಸರಿನಲ್ಲಿ ತೆರೆಯುವ ಡ್ರೈವ್ ಅಥವಾ ನೆಕ್ಸ್ಟ್‌ಕ್ಲೌಡ್, ಇನ್‌ಫೆಡ್ ಮೂಲಕ ಗ್ರಂಥಾಲಯ ಸಾಕು. ಪ್ರಯೋಗಾಲಯದ ದೊಡ್ಡ ದತ್ತಾಂಶಕ್ಕೆ ಕೀಲಿಸಹಿತ ಎಸ್‌ಎಫ್‌ಟಿಪಿ. ಪರೀಕ್ಷಾಂಗ, ಹಣಕಾಸು ವಿಭಾಗದ ಕೆಲವೇ ಸಿಬ್ಬಂದಿಗೆ, ಸಂಸ್ಥೆಯೇ ಕೊಟ್ಟ ಲ್ಯಾಪ್‌ಟಾಪಿನಲ್ಲಿ, ಅವರ ಸರ್ವರಿಗೆ ಮಾತ್ರ ತಲುಪುವ ವಿಪಿಎನ್. ಕಡತಕೋಶವನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು ಯಾರಿಗೂ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಹರಡಿದ್ದು ಹಾಗೆ ತೆರೆದಿದ್ದ ಹಳೆಯ ವಿಂಡೋಸ್ ಬಾಗಿಲಿನಿಂದಲೇ.

ಇನ್ನೂ ಇತ್ಯರ್ಥವಾಗದವು

ಎರಡನೆಯ ಹಂತದ ಲಾಗಿನ್‌ಗೆ ಯಾವುದನ್ನು ನಂಬುವುದು ಎಂಬುದು ತೀರ್ಮಾನವಾಗಿಲ್ಲ. ಎಸ್‌ಎಂಎಸ್ ಓಟಿಪಿ ಎಲ್ಲರಿಗೂ ಗೊತ್ತು. ಆದರೆ ರೀಚಾರ್ಜ್ ಮಾಡದೆ ನಿಷ್ಕ್ರಿಯವಾದ ಸಂಖ್ಯೆ 90 ದಿನಗಳ ನಂತರ ಬೇರೆಯವರ ಪಾಲಾಗಬಹುದು. ಓಟಿಪಿ ಆ್ಯಪ್ ಅಥವಾ ಪಾಸ್‌ಕೀ ಗಟ್ಟಿ, ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಅದೂ ಹೇಗೆ ನಡೆದೀತೆಂಬ ಅನುಮಾನವಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿದ್ಯಾರ್ಥಿಗಳ ಮಾಹಿತಿಯ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದೆ. ಅಧ್ಯಾಪಕರು ಸ್ವಂತ ಮೊಬೈಲಿನಲ್ಲಿ ಇಟ್ಟುಕೊಂಡ ಅಂಕಪಟ್ಟಿ ಕಳೆದುಹೋದರೆ ಸಂಸ್ಥೆಯೂ ಅಧ್ಯಾಪಕರೂ ಎಷ್ಟೆಷ್ಟು ಹೊಣೆ ಹೊರಬೇಕು? ಆ ಮೊಬೈಲಿನ ಮೇಲೆ ನಿಗಾ ಇಡುವ ತಂತ್ರಾಂಶ ಹಾಕಿಸುವ ಅಧಿಕಾರ ಕಾಲೇಜಿಗೆ ಇರಬೇಕೆ? ಭದ್ರತೆ ಬಯಸುವವರೂ ಖಾಸಗಿತನ ಬಯಸುವವರೂ ಇಲ್ಲಿ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಾರೆ. ಎರಡೂ ಕಡೆಗೆ ಸಕಾರಣವಿದೆ.

ಖಾತೆಯ ಆಯಸ್ಸಿನ ಪ್ರಶ್ನೆ ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು. ಪದವಿ ಮುಗಿದ ಮರುದಿನ ಖಾತೆ ಮುಚ್ಚಿದರೆ ವಿದ್ಯಾರ್ಥಿಯ ಕೆಲಸವೆಲ್ಲ ಹೋಗುತ್ತದೆ. ಮುಚ್ಚದಿದ್ದರೆ ಯಾರೂ ನೋಡಿಕೊಳ್ಳದ ಸಾವಿರಾರು ಖಾತೆಗಳು ಕಳ್ಳರಿಗೆ ತೆರೆದಿರುತ್ತವೆ. ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನೂ ಕಷ್ಟದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಹೊತ್ತಿರುವ ಅವರ ನೇಮಕ ಶೈಕ್ಷಣಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಪಾಠದ ಟಿಪ್ಪಣಿ, ಪ್ರಶ್ನೆಗಳು, ವಿದ್ಯಾರ್ಥಿಗಳ ಆಂತರಿಕ ಅಂಕಗಳು ಅವರ ಸ್ವಂತ ಜಿಮೇಲಿನಲ್ಲಿ ಕೂತಿರುತ್ತವೆ. ಅವರು ಮುಂದಿನ ವರ್ಷ ಬೇರೆ ತಾಲ್ಲೂಕಿಗೆ ಹೋದಾಗ ಆ ಟಿಪ್ಪಣಿ ಅವರದೇ ಆಸ್ತಿಯೇ, ಕಾಲೇಜಿನದೇ, ಆ ಅಂಕಗಳನ್ನು ಅವರ ಖಾತೆಯಿಂದ ತೆಗೆಸುವವರು ಯಾರು ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇನ್ನೂ ಇಲ್ಲ.